ಕಳೆದುಹೋದ ಯುದ್ಧಭೂಮಿ ಸಿಕ್ಕಿತಂತೆ!

ಬ್ರಿಟಿಷ್ ರಕ್ಷಣಾ ಇಲಾಖೆಗೆ ಅಭಿನಂದನೆಗಳು. ಮೊದಲ ಮಹಾಯುದ್ಧದಲ್ಲಿ ಅದರ ಸೈನಿಕರೇ ತೋಡಿದ ತರಬೇತಿ ಕಂದಕಗಳು, ಅದರದೇ ಜಮೀನಿನಲ್ಲಿ, ಅದಕ್ಕೇ ನೆನಪಿಲ್ಲದೆ ದಶಕಗಳ ಕಾಲ ಬಿದ್ದಿದ್ದವು. 2014ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಗೋಸ್‌ಪೋರ್ಟ್ ಪಟ್ಟಣದ ಬ್ರೌನ್‌ಡೌನ್ ಬಯಲಿನಲ್ಲಿ ‘ಪತ್ತೆ’ಯಾದವು. ಪತ್ತೆ ಮಾಡಿದ್ದಾದರೂ ಯಾರು? 1950ರ ದಶಕದ ವೈಮಾನಿಕ ಫೋಟೊ ನೋಡುತ್ತಿದ್ದ ಸ್ಥಳೀಯ ಸಂಸ್ಥೆಯ ಅಧಿಕಾರಿ. ಜಾಗವೋ ಹದಿನೇಳು ಫುಟ್‌ಬಾಲ್ ಮೈದಾನಗಳಷ್ಟು. ಕೊಡೆ ಕಳೆಯಬಹುದು, ಕಡತ ಕಳೆಯಬಹುದು. ಎದುರುಬದುರು ಎರಡು ಕಂದಕ ವ್ಯೂಹ, ನಡುವೆ ಯಾರದೂ ಅಲ್ಲದ ಬಯಲು, ಇಷ್ಟನ್ನೂ ಕಳೆಯುವುದಕ್ಕೆ ಪ್ರತಿಭೆ ಬೇಕು.

ಕಂದಕವೇನೂ ಬಚ್ಚಿಟ್ಟುಕೊಳ್ಳುವ ಪೈಕಿಯಲ್ಲ. ಕೋಟೆಯ ತೆನೆಯಂತೆ ಕೆಲವು ಗಜಕ್ಕೊಮ್ಮೆ ಚೌಕಾಕಾರದಲ್ಲಿ ತಿರುಗುತ್ತದೆ. ನೇರ ತೋಡಿದರೆ ಒಂದು ಶೆಲ್ ಬಿದ್ದರೂ ಸಾಲಿಗೆ ಸಾಲೇ ಖಾಲಿ, ತುದಿಗೆ ಶತ್ರು ಬಂದು ನಿಂತರೆ ಒಬ್ಬನೇ ಎಲ್ಲರನ್ನೂ ಹೊಡೆಯಬಹುದು. ಯುದ್ಧ ಮುಗಿದ ಮೇಲೆ ಅಂಚಿನ ದಿಬ್ಬವನ್ನೇ ಒಳಕ್ಕೆ ತಳ್ಳಿ ಮುಚ್ಚುತ್ತಾರೆ. ಸಡಿಲ ಮಣ್ಣು ಮಳೆಗೆ ಕುಸಿದು ಮತ್ತೆ ತಗ್ಗು ಬೀಳುತ್ತದೆ. ತೇವ ನಿಲ್ಲುವುದರಿಂದ ಒಣ ಬೇಸಿಗೆಯಲ್ಲಿ ಅದೊಂದೇ ಗೆರೆ ಹಸಿರು. ಮರ ಬೆಳೆದಿದ್ದರೆ ಲೈಡಾರ್ ಇದೆ: ವಿಮಾನದಿಂದ ಲೇಸರ್ ಬಿಟ್ಟು, ಎಲೆಗಳ ಸಂದಿಯಲ್ಲಿ ನೆಲ ಮುಟ್ಟಿ ಬಂದ ಕಿರಣಗಳನ್ನಷ್ಟೇ ಉಳಿಸಿಕೊಂಡು, ಕಂಪ್ಯೂಟರಿನಲ್ಲಿ ಓರೆ ಬೆಳಕು ಹಾಯಿಸುವುದು. ಒಂದೇ ದಿಕ್ಕಿನ ಬೆಳಕಾದರೆ ಅದಕ್ಕೆ ಸಮಾನಾಂತರವಾದ ಗೆರೆಗೆ ನೆರಳಿಲ್ಲ, ಅದು ಮಾಯ. ಹಾಗಾಗಿ ನಾಲ್ಕಾರು ದಿಕ್ಕಿನಿಂದ ನೋಡಬೇಕು. ಇಷ್ಟೆಲ್ಲ ಮಾಡಿಯೂ ಚರಂಡಿಯನ್ನು ಕಂದಕವೆಂದು ಪತ್ರಿಕಾಗೋಷ್ಠಿ ಕರೆಯುವ ಉತ್ಸಾಹಿಗಳಿರುತ್ತಾರೆ. ಸ್ವಾಮಿ, ಚರಂಡಿ ಇಳಿಜಾರು ಹಿಡಿದು ಹೋಗುತ್ತದೆ, ಶೆಲ್ಲಿಗೆ ಹೆದರಿ ತಿರುಗುವುದಿಲ್ಲ.

ಇಂಗ್ಲೆಂಡಿನದೇ ಇನ್ನೊಂದು ಹಳೆಯ ತರಬೇತಿ ಜಾಗ ಕ್ಯಾನಕ್ ಚೇಸ್‌ನ ಕಥೆ ಇನ್ನೂ ಸೊಗಸು. 1917ರ ಜೂನ್ 7ರಂದು ಬ್ರಿಟಿಷ್ ಕಡೆಯವರು ನೆಲದಡಿ 19 ಗಣಿಸ್ಫೋಟ ನಡೆಸಿ, ಜರ್ಮನ್ನರ ಕೈಲಿದ್ದ ಬೆಲ್ಜಿಯಂನ ಮೆಸೀನ್ ಊರನ್ನು ಗೆದ್ದರು. ಗೆದ್ದಾದ ಮೇಲೆ ನ್ಯೂಜಿಲೆಂಡ್ ಪಡೆಯವರು ಆ ಊರಿನ ಪುಟ್ಟ ಕಾಂಕ್ರೀಟ್ ಮಾದರಿಯನ್ನು ಕ್ಯಾನಕ್ ಚೇಸ್‌ನಲ್ಲಿ ತರಬೇತಿಗೆಂದು ಕಟ್ಟಿಸಿದರು. ಕೂಲಿ? ಜರ್ಮನ್ ಯುದ್ಧಕೈದಿಗಳು! ತಾವು ಸೋತ ಊರನ್ನು ತಮ್ಮ ಕೈಯಿಂದಲೇ ಪುಟ್ಟದಾಗಿ ಕಟ್ಟುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಯುದ್ಧದ ನಂತರ ಪ್ರವಾಸಿಗರು ಬಂದು ನೋಡುತ್ತಿದ್ದ ಜಾಗ ಪೊದೆ ಬೆಳೆದು ಮುಚ್ಚಿತು. 2013ರಲ್ಲಿ ಅಗೆದರು, ಲೇಸರ್ ಹಿಡಿದು ಅಳೆದರು, ಮತ್ತೆ ಹೂತರು. ನಗಬೇಡಿ, ಇಡೀ ಪ್ರಕರಣದಲ್ಲಿ ಬುದ್ಧಿವಂತಿಕೆಯ ಕೆಲಸ ಅದೊಂದೇ. ಹಳೆಯ ಕಾಂಕ್ರೀಟಿನ ಬಿರುಕಿಗೆ ನೀರಿಳಿದು ಹೆಪ್ಪುಗಟ್ಟಿದರೆ ಕೆಲವೇ ಚಳಿಗಾಲದಲ್ಲಿ ಪುಡಿಪುಡಿ.

ಹಾಗಂತ ಸೇನೆಗೆ ಮರೆಗುಳಿತನ ಎನ್ನುವಂತಿಲ್ಲ. ವಿಲ್ಟ್‌ಶೈರ್‌ನ ಇಂಬರ್ ನೋಡಿ. 1943ರ ನವೆಂಬರ್ 1ರಂದು ಹಳ್ಳಿಯವರನ್ನು ಕರೆದು, ಅಮೆರಿಕನ್ ಸೈನಿಕರು ಬೀದಿಕಾಳಗ ಕಲಿಯಬೇಕು, 47 ದಿನದಲ್ಲಿ ಜಾಗ ಖಾಲಿ ಮಾಡಿ ಎಂದರು. ಯುದ್ಧ ಮುಗಿದರೆ ವಾಪಸ್ ಬರುತ್ತೇವೆಂದು ನಂಬಿ ಜನ ಹೊರಟರು. ಯುದ್ಧ ಮುಗಿಯಿತು, ಯಾರನ್ನೂ ವಾಪಸ್ ಬಂದು ನೆಲೆಸಲು ಬಿಡಲಿಲ್ಲ. ಒಬ್ಬರನ್ನೂ ಇಲ್ಲ. ಇಂದಿಗೂ ಅದು ತರಬೇತಿ ಪ್ರದೇಶವೇ. ಈ ನಕ್ಷೆ ಕಳೆಯಲಿಲ್ಲ, ಈ ಬೇಲಿ ಎಲ್ಲಿದೆ ಎಂದು ಯಾರಿಗೂ ಮರೆಯಲಿಲ್ಲ, ಇದಕ್ಕೆ ಲೈಡಾರ್ ಬೇಕಾಗಲಿಲ್ಲ. ಸಾಕಾಗಿಹೋಗುತ್ತದೆ ಇದನ್ನೆಲ್ಲ ಓದಿದರೆ. ಅಲ್ಲಿನ ಚರ್ಚಿಗೆ ವರ್ಷದಲ್ಲಿ ಕೆಲವು ದಿನ ಜನರನ್ನು ಬಿಡುತ್ತಾರೆ. ರಸ್ತೆ ಬಿಟ್ಟು ಇಳಿಯುವಂತಿಲ್ಲ, ಸಿಡಿಯದ ಮದ್ದುಗುಂಡುಗಳಿವೆಯಂತೆ. ಹಾಕಿದವರು ಯಾರೋ!