ಜೆ ಮೌಲ್ಯ ತೆಗೆಯುವುದನ್ನು ತಂತ್ರಾಂಶಕ್ಕೆ ಬಿಡಬಹುದೇ?

ತೀರ್ಥಹಳ್ಳಿ, ಹೊಸನಗರದ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬುವ ಕಾಳುಮೆಣಸಿನಿಂದ ಅದರ ಖಾರಕ್ಕೆ ಕಾರಣವಾದ ಪೈಪರೀನ್ ಬೇರ್ಪಡಿಸುವುದು ನಮ್ಮ ಶಿವಮೊಗ್ಗ ಭಾಗದ ಎಂ.ಎಸ್ಸಿ. ವಿದ್ಯಾರ್ಥಿಗೆ ಒಗ್ಗುವ ಪ್ರಾಜೆಕ್ಟ್. ಅಣುವಿನ ಹೈಡ್ರೋಜನ್‌ಗಳು (ಪ್ರೋಟಾನ್‌ಗಳು) ಕಾಂತಕ್ಷೇತ್ರದಲ್ಲಿ ಕೊಡುವ ಸಂಕೇತಗಳ ನಕ್ಷೆಯೇ ಅದರ ಪ್ರೋಟಾನ್ ಎನ್‌ಎಂಆರ್ ರೋಹಿತ. ನೆರೆಯ ಪ್ರೋಟಾನ್‌ಗಳು ಒಂದರ ಸಂಕೇತವನ್ನು ಇನ್ನೊಂದು ಹಲವು ಗೆರೆಗಳಾಗಿ ಸೀಳುತ್ತವೆ; ಆ ಸೀಳಿಕೆಯ ಅಳತೆಯೇ ಕಪ್ಲಿಂಗ್ ಸ್ಥಿರಾಂಕ, ಅಂದರೆ ಜೆ ಮೌಲ್ಯ. ಈ ಮೌಲ್ಯಗಳನ್ನು ತಂತ್ರಾಂಶ ಕೊಟ್ಟಂತೆಯೇ ವರದಿಗೆ ಇಳಿಸಲು ಬಿಡಬೇಕೇ?

ಪರ

ವರದಿ ತಿದ್ದುವವರಿಗೆಲ್ಲ ಪರಿಚಿತವಾದ ತಪ್ಪೊಂದಿದೆ. ಮುದ್ರಿತ ಹಾಳೆಯಲ್ಲಿ ಶೃಂಗಗಳ ಸ್ಥಾನ (ಪಿಪಿಎಂ ಎಂಬ ಅಳತೆಯಲ್ಲಿ) ಎಷ್ಟೋ ಸಲ ಎರಡು ದಶಮಾಂಶಕ್ಕೆ ನಿಂತಿರುತ್ತದೆ. ವಿದ್ಯಾರ್ಥಿ ಒಂದರಿಂದ ಇನ್ನೊಂದನ್ನು ಕಳೆದು, ಹರ್ಟ್ಸ್‌ಗೆ ಬದಲಿಸಲು ಉಪಕರಣದ ಆವರ್ತನವಾದ 400ರಿಂದ ಗುಣಿಸುತ್ತಾನೆ. ಆದರೆ 400 ಮೆಗಾಹರ್ಟ್ಸ್ ಉಪಕರಣದಲ್ಲಿ 0.01 ಪಿಪಿಎಂ ಎಂದರೆ 4 ಹರ್ಟ್ಸ್. ಪೈಪರೀನಿನಲ್ಲಿ ಕಾರ್ಬೊನಿಲ್ (C=O) ಪಕ್ಕದ ಪ್ರೋಟಾನ್ 6.4 ಪಿಪಿಎಂ ಬಳಿ ಸುಮಾರು 14.7 ಹರ್ಟ್ಸ್‌ನ ಡಬ್ಲೆಟ್ (ಜೋಡಿ ಗೆರೆ) ಆಗಿ ಕಾಣುತ್ತದೆ. ಈ ಲೆಕ್ಕದಲ್ಲಿ ಅದು 12 ಆದೀತು, 16 ಆದೀತು, 14.7 ಮಾತ್ರ ಆಗದು. 12 ಎಂಬುದೋ, ಸಿಸ್ (ಎರಡೂ ಹೈಡ್ರೋಜನ್ ಒಂದೇ ಬದಿಗಿರುವ) ಮತ್ತು ಟ್ರಾನ್ಸ್ (ಎದುರು ಬದಿಗಿರುವ) ದ್ವಿಬಂಧಗಳ ವ್ಯಾಪ್ತಿಗಳು ಒಂದಕ್ಕೊಂದು ತಾಗುವ ಜಾಗ. ಪೈಪರೀನ್ ದ್ರಾವಣ ಬೆಳಕಿಗೆ ಬಿದ್ದರೆ ಸಿಸ್ ರೂಪಗಳೂ ಹುಟ್ಟುತ್ತವೆ. ಕೈಯಲ್ಲಿರುವುದು ಯಾವುದೆಂದು ಹೇಳಬೇಕಾದ ಅಂಕಿಯನ್ನೇ ನಾವು ಕಳೆಯುವ ಲೆಕ್ಕದಲ್ಲಿ ಕೆಡಿಸಿಕೊಳ್ಳುತ್ತೇವೆ.

ತಂತ್ರಾಂಶ ಮೂಲ ದತ್ತಾಂಶದಿಂದಲೇ ಹೊರಡುತ್ತದೆ, ನಡುವೆ ಎಲ್ಲಿಯೂ ದುಂಡು ಮಾಡುವುದಿಲ್ಲ. ಎಂಟು ಗೆರೆಗಳ ಮಲ್ಟಿಪ್ಲೆಟ್‌ನಿಂದ ಮೂರು ಜೆ ಬಿಡಿಸುವುದು ನಮಗೆ ತಲೆನೋವಿನ ಕೆಲಸ, ಅದಕ್ಕೆ ಕ್ಷಣದ್ದು. ಎರಡು ಪ್ರೋಟಾನ್‌ಗಳು ಪರಸ್ಪರ ಸೀಳಿಕೊಂಡಿದ್ದರೆ ಎರಡೂ ಕಡೆ ಒಂದೇ ಜೆ ಬರಬೇಕು. ಆ ತಾಳೆಯನ್ನೂ ಅದು ಬೇಸರವಿಲ್ಲದೆ ನೋಡಬಲ್ಲದು. ಉಳಿದ ಸಮಯದಲ್ಲಿ ವಿದ್ಯಾರ್ಥಿ ಅಣುವಿನ ಆಕಾರದ ಬಗ್ಗೆ ಯೋಚಿಸಲಿ. 1959ರಲ್ಲಿ ರಸಾಯನ ವಿಜ್ಞಾನಿ ಮಾರ್ಟಿನ್ ಕಾರ್‌ಪ್ಲಸ್ ಜೆ ಮೌಲ್ಯಕ್ಕೂ ಬಂಧಗಳ ನಡುವಿನ ತಿರುಚು ಕೋನಕ್ಕೂ ಸಂಬಂಧ ತೋರಿಸಿದ್ದು ಅದಕ್ಕೆ ದಾರಿಯಾಯಿತು.

ವಿರೋಧ

ಪರ ವಾದಿಗಳು ಜಾಣರು, ಸುಲಭದ ಪ್ರೋಟಾನನ್ನೇ ಆರಿಸಿಕೊಂಡಿದ್ದಾರೆ. ಅದೇ ಅಣುವಿನಲ್ಲಿ ಒಂದು ಇಂಗಾಲ ಮುಂದೆ ಬರಲಿ.

7.4 ಪಿಪಿಎಂ ಬಳಿಯ ಪ್ರೋಟಾನ್‌ಗೆ ಆಚೆಗೊಂದು, ಈಚೆಗೊಂದು ನೆರೆ. ಪ್ರತಿ ನೆರೆಯೂ ಎರಡಾಗಿ ಸೀಳುವ ಪುಸ್ತಕದ ನಿಯಮದಂತೆ ನಾಲ್ಕು ಗೆರೆ ಕಾಣಬೇಕು. ಕಾಣುವುದು ಅದಕ್ಕಿಂತ ಹೆಚ್ಚು. ಸರಪಳಿಯ ಮುಂದಿನ ಎರಡು ಪ್ರೋಟಾನ್‌ಗಳು 6.75ರ ಸುತ್ತ ಹೆಚ್ಚುಕಡಿಮೆ ಒಂದೇ ಕಡೆ ಕೂತಿವೆ; ಅವುಗಳ ನಡುವಿನ ಅಂತರ ಅವುಗಳ ಜೆ ಮೌಲ್ಯವನ್ನು ಮೀರಿ ದೊಡ್ಡದಲ್ಲ. ಹಾಗಿರುವಾಗ ಅವು ಬೇರೆ ಬೇರೆಯಾಗಿ ವರ್ತಿಸುವುದಿಲ್ಲ, ಜೊತೆಯಾಗಿಯೇ ನೆರೆಯ ಪ್ರೋಟಾನನ್ನು ಸೀಳುತ್ತವೆ. ಸರಳ ನಿಯಮವನ್ನೇ ನಂಬಿದ ತಂತ್ರಾಂಶ ಇಲ್ಲಿ ಮೂರನೆಯದೊಂದು ಜೆ ಕಂಡುಹಿಡಿದು, ಸುಮಾರು 2 ಹರ್ಟ್ಸ್ ಎಂದು ಬರೆದುಬಿಡಬಲ್ಲದು. ಗೆರೆಗಳ ನಡುವೆ ಆ ಅಂತರ ಇರುವುದು ನಿಜ. ಅದು ಯಾವುದೇ ಜೋಡಿಯ ಕಪ್ಲಿಂಗ್ ಸ್ಥಿರಾಂಕ ಎಂಬುದು ಮಾತ್ರ ಸುಳ್ಳು.

ಇಡೀ ಸ್ಪಿನ್ ವ್ಯವಸ್ಥೆಯನ್ನೇ, ಅಂದರೆ ಪರಸ್ಪರ ಸೀಳಿಕೊಳ್ಳುವ ಪ್ರೋಟಾನ್‌ಗಳ ಗುಂಪನ್ನು ಒಟ್ಟಾಗಿ, ಲೆಕ್ಕ ಹಾಕಿ ರೋಹಿತಕ್ಕೆ ಹೊಂದಿಸುವ ತಂತ್ರಾಂಶಗಳಿವೆ ಎಂದು ಉತ್ತರ ಬರುತ್ತದೆ. ಇವೆ, ಒಳ್ಳೆಯವೂ ಹೌದು. ಆದರೆ ಯಾವ ಪ್ರೋಟಾನ್ ಎಲ್ಲಿದೆ ಎಂಬ ಆರಂಭದ ಊಹೆಯನ್ನು ಸಾಮಾನ್ಯವಾಗಿ ನಾವೇ ಕೊಡಬೇಕು. ಊಹೆ ತಪ್ಪಿದ್ದರೆ ಹೊಂದಿಕೆ ತಪ್ಪು ಜಾಗದಲ್ಲಿ ನೆಲೆಗೊಳ್ಳಬಹುದು. ಕಾಂತಕ್ಷೇತ್ರ ಸರಿಯಾಗಿ ಸಮವಾಗದೆ ಗೆರೆಗಳು ದಪ್ಪಗಾದರೆ ಇನ್ನೊಂದು ಕಾಟ: ಹತ್ತಿರದ ಎರಡು ಗೆರೆಗಳ ತುದಿಗಳು ಒಂದರ ಕಡೆಗೊಂದು ಜರುಗುತ್ತವೆ, ನಿಜಕ್ಕಿಂತ ಕಡಿಮೆ ಜೆ ಸಿಗುತ್ತದೆ. ಅದನ್ನೂ ಪರದೆ ಎರಡು ದಶಮಾಂಶದೊಂದಿಗೆ ಠೀವಿಯಿಂದ ತೋರಿಸುತ್ತದೆ.

ಸಂಶಯ ಬಂದವರಿಗೆ ದಾರಿಯಿದೆ. ಅದೇ ಮಾದರಿಯನ್ನು ಹೆಚ್ಚು ಶಕ್ತಿಯ ಉಪಕರಣದಲ್ಲಿ ಓಡಿಸಿದರೆ ಪ್ರೋಟಾನ್‌ಗಳು ಹರ್ಟ್ಸ್ ಲೆಕ್ಕದಲ್ಲಿ ದೂರವಾಗುತ್ತವೆ. ನಿಜವಾದ ಜೆ ಕದಲುವುದಿಲ್ಲ, ಸೋಗಿನ ಅಂತರಗಳು ಬದಲಾಗುತ್ತವೆ. ಆದರೆ ಆ ಸಂಶಯ ಬರಬೇಕಲ್ಲ! ಪಟ್ಟಿ ಸಿದ್ಧವಾಗಿ ಕೈಗೆ ಬಂದವನು ರೋಹಿತವನ್ನು ಹಿಗ್ಗಿಸಿ ನೋಡುವುದೇ ಇಲ್ಲ. ಮೌಖಿಕ ಪರೀಕ್ಷೆಯಲ್ಲಿ ಆ 2 ಹರ್ಟ್ಸ್ ಯಾವ ಪ್ರೋಟಾನಿನಿಂದ ಬಂತೆಂದು ಕೇಳಿದಾಗ ‘ತಂತ್ರಾಂಶ ಕೊಟ್ಟಿದ್ದು ಸರ್’ ಎನ್ನುವ ಉತ್ತರಕ್ಕೆ ಅಂಕ ಹಾಕಲು ನಾನಂತೂ ಸಿದ್ಧನಿಲ್ಲ.