ಧೂಳು ಎಬ್ಬಿಸುವ ಯಂತ್ರಕ್ಕೊಂದು ಹಾರ

ಕಸ ಗುಡಿಸುವ ಆ ದೊಡ್ಡ ಯಂತ್ರವನ್ನು ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಮಂದಿ ಎಲ್ಲರೂ ನೋಡಿದ್ದೀರಿ. ಹೊಟ್ಟೆ ಕೆಳಗೆ ದುಂಡನೆಯ ಬ್ರಷ್, ತಲೆ ಮೇಲೆ ತಿರುಗುವ ದೀಪ. ಮೊನ್ನೆ ಬೆಳಿಗ್ಗೆ ಹತ್ತಕ್ಕೆ, ಸರಿಯಾಗಿ ಆಫೀಸಿನ ಹೊತ್ತಿಗೆ ನಮ್ಮ ರಸ್ತೆಗೂ ಬಂತು. ಬ್ರಷ್ ತಿರುಗಿದ್ದೇ ತಡ, ಸುಮ್ನೆ ಮಲಗಿದ್ದ ಧೂಳು ಎದ್ದು, ಮೈಮುರಿದು, ಗಿರ್ಮಿಟ್ ಗಾಡಿ ಕಡೆ ಹೊರಟಿತು. ಯಂತ್ರದ ಬೆನ್ನಿಗೇ ಮಣ್ಣು ತುಂಬಿದ ಟಿಪ್ಪರ್. ಮೇಲೆ ಹೊದಿಕೆ ಇಲ್ಲ. ಹಂಪ್ ಹಾರಿದಾಗೆಲ್ಲ ಬುಟ್ಟಿಗಟ್ಟಲೆ ಮಣ್ಣು ರಸ್ತೆಗೆ. ಮುಂದಿನವರು ಗುಡಿಸ್ತಾರೆ, ಹಿಂದಿನವರು ಚೆಲ್ತಾರೆ. ಇಬ್ಬರ ಕೆಲಸವೂ ಗಟ್ಟಿ.

ಗಿರ್ಮಿಟ್ ಕಲಸುತ್ತಿದ್ದವರು ಚುರುಮುರಿ ಬುಟ್ಟಿ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು ನನ್ನ ಕಡೆ ನೋಡಿದರು. "ಇವತ್ತ ಪುಟಾಣಿ ಹಿಟ್ಟು ಹಾಕೂದು ಬ್ಯಾಡ್ರಿ ಸರ, ಮ್ಯಾಲಿಂದನ ಬಿದ್ದೈತಿ."

ನಮ್ಮದೇನು ಸಾಮಾನ್ಯ ಧೂಳಲ್ಲ. ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗ ಕರ್ನಾಟಕದಿಂದ ಪಟ್ಟಿಗೆ ಬಿದ್ದದ್ದು ನಾಲ್ಕೇ ಊರು: ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ನಾವು. ಮೈಸೂರಿಗೂ ಸಿಗದ ಮರ್ಯಾದೆ. ಪಟ್ಟಿ ಸೇರೋದು ಸುಲಭ ಅಂದ್ಕೋಬೇಡಿ. ಗಾಳಿ ಐದು ವರ್ಷ ಬಿಡದೆ ಮಿತಿ ದಾಟಿರಬೇಕು. ಪಿಎಂ10 ಅಂತಾರಲ್ಲ, ಹತ್ತು ಮೈಕ್ರಾನ್‌ವರೆಗಿನ ಆ ಸಣ್ಣ ಕಣ ಘನ ಮೀಟರ್ ಗಾಳಿಗೆ ವರ್ಷದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು ಅನ್ನೋದು ದೇಶದ ನಿಯಮ. ನಾವು ಶ್ರದ್ಧೆಯಿಂದ ಮೀರಿದೆವು.

ಈ ಧೂಳು ಯಾರದು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ. ಧಾರವಾಡದವರನ್ನು ಕೇಳಿ, "ಅದೆಲ್ಲ ಹುಬ್ಬಳ್ಳಿದ್ರೀ" ಅಂತಾರೆ. ಅವರದು ಅರೆಮಲೆನಾಡು, ಪಿಂಚಣಿದಾರರ ಸ್ವರ್ಗ, ಸಾಧನಕೇರಿ, ಕೆಲಗೇರಿ ಕೆರೆ, ತಣ್ಣನೆ ಗಾಳಿ. ಹುಬ್ಬಳ್ಳಿಯವರೇನು ಕಡಿಮೆ? ಚಳಿಗಾಲದ ಬೆಳಗ್ಗೆ ನೃಪತುಂಗ ಬೆಟ್ಟ ಹತ್ತಿ, ಕೆಳಗೆ ಊರು ಬೂದಿ ಬಣ್ಣಕ್ಕೆ ಮಸುಕಾಗಿದ್ದನ್ನು ಫೋಟೋ ಹೊಡೆದು "ಮಡಿಕೇರಿ ಆಗೇತಿ ನೋಡ್ರಿ" ಅಂತ ಸ್ಟೇಟಸ್ ಹಾಕ್ತಾರೆ. ಮಂಜಿನ ಪಾಲೆಷ್ಟು, ಧೂಳಿನ ಪಾಲೆಷ್ಟು ಅಂತ ಕೇಳುವ ಅರಸಿಕರು ಸ್ಟೇಟಸ್ ನೋಡದಿದ್ದರೆ ಒಳ್ಳೇದು. ಚಳಿಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇಳೋದೇ ಇಲ್ಲ. ಎಬ್ಬಿಸಿದ ಧೂಳೂ ಅಲ್ಲೇ, ಮೂಗಿನ ಎತ್ತರದಲ್ಲಿ, ಠಾಣ್ಯ ಹೂಡಿರುತ್ತದೆ. ಉಣಕಲ್ ಕೆರೆ ದಂಡೆಗೆ ಶುದ್ಧ ಗಾಳಿ ಅಂತ ವಾಕಿಂಗ್ ಹೋಗೋರು ಅದನ್ನೇ ಏದುಸಿರು ಬಿಡುತ್ತಾ ಡಬಲ್ ಎಳ್ಕೊಂಡು ಬರ್ತಾರೆ.

2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಅಂತ ಸಂಪುಟ ಒಪ್ಪಿತಲ್ಲ, ಆಗಲೇ ಧೂಳನ್ನೂ ಪಾಲು ಮಾಡಬೇಕಿತ್ತು. ಕಷ್ಟವೇನಿಲ್ಲ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಎರಿ ಮಣ್ಣು. ಅಂಗಿ ಕಾಲರ್ ಕೆಂಪಾದರೆ ಅರ್ಜಿ ಅಲ್ಲಿ, ಕಪ್ಪಾದರೆ ಇಲ್ಲಿ. ನಡುವೆ ನವಲೂರಿನ ಪೇರಲ ಹಣ್ಣಿನ ಮೇಲೆ ಕೂತದ್ದಕ್ಕೆ ಜಂಟಿ ಸಮಿತಿ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನ ಹಿಂದೆ ಅತ್ತಿಂದಿತ್ತ ಓಡಾಡುವ ಧೂಳಿಗೆ ಪಾಸ್ ಕೊಟ್ಟರಾಯಿತು.

ದುಡ್ಡಿನ ವಿಷಯದಲ್ಲೂ ಧೂಳೇ ಸಾಹುಕಾರ. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) ಅನ್ನೋ ಸಂಸ್ಥೆ 2024ರಲ್ಲಿ ಲೆಕ್ಕ ಹಾಕಿತು: ಶುದ್ಧ ಗಾಳಿ ಕಾರ್ಯಕ್ರಮದ ಹಣದಲ್ಲಿ ದೇಶದಾದ್ಯಂತ ಶೇ 64ರಷ್ಟು ರಸ್ತೆ ಧೂಳಿಗೇ ಹೋಗಿದೆ. ಕಾರ್ಖಾನೆಗಳ ಹೊಗೆಗೆ ಶೇ 1 ಕೂಡ ಸಿಕ್ಕಿಲ್ಲ. ಹೊಗೆ ಬಡಪಾಯಿ, ಕಣ್ಣಿಗೆ ಕಾಣೋದು ಕಡಿಮೆ. ಧೂಳಾದರೆ ಗುಡಿಸುತ್ತಾ ನಿಂತು ಫೋಟೋ ತೆಗೆಸಿಕೊಳ್ಳಬಹುದು, ಅಲ್ವಾ?

ಜೂನ್‌ನಲ್ಲಿ ಮಳೆ ಹಿಡೀತದೆ. ಮಳೆ ಹನಿ ಪುಕ್ಕಟೆ ಗಾಳಿ ತೊಳೀತದೆ, ಅಂಕಿ ಸರ್ರಂತ ಇಳೀತದೆ. ಇಳಿದ ಅಂಕಿಯನ್ನು ಸಂಬಂಧಪಟ್ಟವರು ತಮ್ಮ ಸಾಧನೆಯ ವರದಿಗೆ ಅಂಟಿಸ್ತಾರೆ. ಅದೇ ಮಣ್ಣು ಅಷ್ಟೊತ್ತಿಗೆ ರಾಡಿಯಾಗಿ ನಮ್ಮ ಮೊಣಕಾಲಿಗೆ ಬಂದಿರುತ್ತದೆ. ರಾಡಿ ಅಳೆಯುವ ಮೀಟರ್ ಎಲ್ಲೂ ಇಲ್ಲವಾದ್ದರಿಂದ ಅದು ಲೆಕ್ಕಕ್ಕಿಲ್ಲ.

ನಗು ಸಾಕು. ಚೆನ್ನಮ್ಮ ಸರ್ಕಲ್‌ನಲ್ಲಿ ನಿಲ್ಲುವ ಪೊಲೀಸರು, ನಸುಕಿನಲ್ಲಿ ಪೊರಕೆ ಹಿಡಿಯುವ ಪೌರಕಾರ್ಮಿಕ ಅಕ್ಕಂದಿರು ಮೂಗಿಗೆ ಒಂದು ಬಟ್ಟೆ ಕಟ್ಟಿಕೊಂಡು ಇದನ್ನೇ ದಿನಾ ಉಸಿರಾಡ್ತಾರೆ. ಕಟ್ಟಡದ ಮಣ್ಣು, ಕಲ್ಲುಪುಡಿ ಮುಚ್ಚಿಕೊಂಡೇ ಸಾಗಿಸಬೇಕು, ಧೂಳು ಏಳದಂತೆ ಇಡಬೇಕು ಅಂತ 2018ರಲ್ಲೇ ನಿಯಮ ಬಂದಿದೆ. ಅಮರಗೋಳದ ಮಾರುಕಟ್ಟೆಗೆ ಬರುವ ರೈತ ತನ್ನ ಮೆಣಸಿನಕಾಯಿ ಚೀಲಕ್ಕೆ ಸ್ವಂತ ರೊಕ್ಕದಲ್ಲಿ ತಾಡಪತ್ರಿ ಹೊದಿಸಿ ಬಿಗಿದು ಕಟ್ಟುತ್ತಾನೆ. ಕೋಟಿಗಟ್ಟಲೆ ಗುತ್ತಿಗೆ ಹಿಡಿದವರ ಟಿಪ್ಪರ್‌ಗೆ ಆ ಒಂದು ತಾಡಪತ್ರಿ ಯಾಕ್ರೀ ಸಿಗೋದಿಲ್ಲ? ಅದನ್ನು ತಡೆದು ನಿಲ್ಲಿಸಿ ದಂಡ ಹಾಕೋಕೆ ಇನ್ನೂ ಯಾವ ಯಂತ್ರ ತರಿಸಬೇಕು?