ಗ್ರೀಸ್ ಪಾಠನ ಮಡಕೆಯಿಂದ ಶುರು ಮಾಡ್ರಪ್ಪ

ಹೈಸ್ಕೂಲಲ್ಲಿ ಪ್ರಾಚೀನ ಗ್ರೀಸ್ ಅಂದ್ರೆ ಪಾರ್ಥೆನಾನ್ ಫೋಟೋ ಒಂದು, ಸಾಕ್ರೆಟಿಸ್ ಪ್ಲೇಟೋ ಅರಿಸ್ಟಾಟಲ್ ಅಂತ ಮೂರು ಹೆಸ್ರು, ಮ್ಯಾರಥಾನ್ ಯುದ್ಧದ ಇಸವಿ, ಕೊನೆಗೊಂದು ಬೆಳ್ಳನೆ ಅಮೃತಶಿಲೆ ವಿಗ್ರಹ ತೋರ್ಸಿ ನೋಟ್ಸ್ ಬರ್ಸಿದ್ರೆ ಮುಗೀತು. ನನ್ನ ತಕರಾರು ಆ ಬಿಳಿ ವಿಗ್ರಹದ್ದೇ. ಅವು ಬೆಳ್ಳಗೆ ಇರ್ಲೇ ಇಲ್ಲ ಮಾರಾಯ್ರೆ, ಕಣ್ಣು ತುಟಿ ಕೂದ್ಲು ಸೀರೆ ಅಂಚಿನ ಥರದ ಬಾರ್ಡರ್ ಎಲ್ಲಕ್ಕೂ ಕೆಂಪು ನೀಲಿ ಬಳೀತಿದ್ರು, ಬಣ್ಣ ಉದುರಿ ಹೋಗಿದೆ ಅಷ್ಟೇ. ಡಿಸ್ಕಸ್ ಎಸೆಯೋನ ವಿಗ್ರಹ ಇದ್ಯಲ್ಲ, ಮೈರನ್ ಅದನ್ನ ಮಾಡಿದ್ದು ಕಂಚಲ್ಲಿ, ಅದು ಕಳ್ದೇ ಹೋಗಿದೆ, ನಾವು ನೋಡೋದು ರೋಮನ್ನರ ಕಾಲದ ಕಲ್ಲಿನ ಕಾಪಿ.

ಮಡಕೆ ಹಾಗಲ್ಲ. ಬಣ್ಣ ಸಮೇತ ಹಾಗೇ ಉಳ್ಕೊಂಡಿದೆ. ಎಕ್ಸೇಕಿಯಾಸ್ ಅಂತ ಒಬ್ಬ ಅಥೆನ್ಸಿನವ್ನು, ಮಡಕೆ ಮಾಡಿ ಅದ್ರ ಮೇಲೆ ಚಿತ್ರ ಬರೀತಿದ್ದ, ಕ್ರಿ.ಪೂ. 540ರ ಆಸುಪಾಸು, ಅವ್ನ ಹೂಜಿ ಈಗ ವ್ಯಾಟಿಕನ್ನಲ್ಲಿದೆ. ಟ್ರಾಯ್ ಯುದ್ಧದ ಮಧ್ಯೆ ಗ್ರೀಕ್ ವೀರರು ಅಕಿಲೀಸ್, ಅಯಾಕ್ಸ್ ಇಬ್ರೂ ಈಟಿ ಕೈಲಿ ಹಿಡ್ಕೊಂಡೇ ಕೂತು ದಾಳ ಆಡ್ತಿದ್ದಾರೆ, ಅಕಿಲೀಸನ ಬಾಯಿ ಮುಂದೆ "ನಾಲ್ಕು" ಅಂತ ಬರ್ದಿದೆ, ಅಯಾಕ್ಸ್ ಬಾಯಿ ಮುಂದೆ "ಮೂರು". ಕಾಮಿಕ್ಸ್ ಓದೋ ಮಗುಗೆ ಇನ್ನೇನ್ ವಿವರಿಸ್ಬೇಕು? ಅದೇ ಎಕ್ಸೇಕಿಯಾಸ್ ಇನ್ನೊಂದು ಹೂಜೀಲಿ ಅಯಾಕ್ಸ್ ಒಬ್ನೇ ಬಗ್ಗಿ ಕತ್ತೀನ ನೆಲಕ್ಕೆ ನೆಡ್ತಿರೋದು ಬರ್ದ, ಸಾಯೋಕೆ ರೆಡಿ ಆಗ್ತಿದ್ದಾನೆ. ಸತ್ತ ಅಕಿಲೀಸನ ಆಯುಧ ತನಗೆ ಕೊಡ್ಲಿಲ್ಲ ಅನ್ನೋ ಅವಮಾನ. ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಇದೇ ಕಥೆನ ನಾಟಕ ಮಾಡ್ದ, ಅದನ್ನೇ ಇಟ್ಕೊಂಡು ನಮ್ಮ ಬಿ.ಎಂ.ಶ್ರೀ 1929ರಲ್ಲಿ 'ಅಶ್ವತ್ಥಾಮನ್' ಬರೆದ್ರು. ಎರಡು ಚಿತ್ರ ಅಕ್ಕಪಕ್ಕ ಇಟ್ಟು ಇಷ್ಟು ಹೇಳಿದ್ರೆ ಇತಿಹಾಸದ ಮೇಷ್ಟ್ರು, ಕನ್ನಡದ ಮೇಷ್ಟ್ರು ಇಬ್ರಿಗೂ ಒಂದು ಪೀರಿಯಡ್ ಸಾಕಾಗಲ್ಲ.

ಸೈನ್ಸ್ ಮೇಡಮ್ಮೂ ಬರ್ಬಹುದು. ಈ ಮಡಕೆ ಚಿತ್ರಗಳಲ್ಲಿರೋ ಕಪ್ಪು ಬಣ್ಣ ಪೇಂಟ್ ಅಲ್ಲ, ಅದೂ ಮಣ್ಣೇ, ಕಬ್ಬಿಣದ ಅಂಶ ಇರೋ ಜೇಡಿಮಣ್ಣನ್ನ ನುಣ್ಣಗೆ ತಿಳಿ ಮಾಡಿ ಬಳಿಯೋದು. ಆವಿಗೆಗೆ ಮೊದ್ಲು ಗಾಳಿ ಬಿಟ್ರೆ ಎಲ್ಲ ಕೆಂಪು, ಗಾಳಿ ಮುಚ್ಚಿ ಹಸಿ ಸೌದೆ ಹೊಗೆ ಕೊಟ್ರೆ ಎಲ್ಲ ಕಪ್ಪು, ಮತ್ತೆ ಗಾಳಿ ಬಿಟ್ರೆ ಮಡಕೆ ಮೈ ಕೆಂಪಿಗೆ ತಿರುಗತ್ತೆ ಆದ್ರೆ ತಿಳಿ ಬಳಿದ ಜಾಗ ಗಾಜಿನ ಥರ ಗಟ್ಟಿಯಾಗಿರೋದ್ರಿಂದ ಕಪ್ಪಾಗೇ ಉಳಿಯತ್ತೆ.

ಒಡೆದ ಮಡಕೆಗೂ ಕೆಲ್ಸ ಇತ್ತು. ಅಥೆನ್ಸಲ್ಲಿ ಯಾರಾದ್ರೂ ಜಾಸ್ತಿ ಬೆಳೀತಿದ್ದಾನೆ ಅನ್ಸಿದ್ರೆ ಬೋಕಿ ಮೇಲೆ ಹೆಸ್ರು ಗೀಚಿ ಓಟ್ ಹಾಕಿ 10 ವರ್ಷ ಊರಾಚೆ ಕಳಿಸ್ತಿದ್ರು. ಅಲ್ಲಿನ ಕೋಟೆ ಬೆಟ್ಟ ಅಕ್ರೋಪೊಲಿಸ್ ಹತ್ರದ ಬಾವೀಲಿ ಥೆಮಿಸ್ಟೋಕ್ಲಿಸ್ ಅನ್ನೋ ನಾಯಕನ ಹೆಸರಿನ ಸುಮಾರು 190 ಬೋಕಿ ಸಿಕ್ವು, ಬರ್ದಿರೋ ಕೈ ಮಾತ್ರ ಬೆರಳೆಣಿಕೆಯಷ್ಟು. ಮೊದ್ಲೇ ಬರ್ದಿಟ್ಟು ಹಂಚೋಕೆ ರೆಡಿ ಮಾಡ್ಕೊಂಡಿದ್ರು ಅನ್ಸತ್ತೆ! "ಪ್ರಜಾಪ್ರಭುತ್ವದ ತವರು" ಅಂತ ಒಂದು ಮಾರ್ಕಿಗೆ ಉರು ಹೊಡ್ಸೋ ಬದ್ಲು ಇದನ್ನ ಹೇಳಿ, ಹೆಂಗಸ್ರಿಗೆ ಗುಲಾಮರಿಗೆ ಆ ಓಟೂ ಇರ್ಲಿಲ್ಲ ಅಂತಾನೂ ಹೇಳಿ.

ಒಂದ್ ಮಾತು, ಕುಡಿತದ ಪಾರ್ಟಿ ಚಿತ್ರಗಳು ಬೇಜಾನ್ ಇವೆ, ಕೆಲವು ಕ್ಲಾಸಿಗೆ ಆಗಲ್ಲ, ಮೊದ್ಲೇ ನೋಡಿ ಆರ್ಸ್ಕೊಳ್ಳಿ. ಪ್ರೊಜೆಕ್ಟರ್ ಇಲ್ಲ ಅನ್ನೋ ನೆಪ ಬೇಡ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ವೆಬ್‌ಸೈಟಲ್ಲಿ ಫೋಟೋಗಳು ಫ್ರೀಯಾಗಿ ಸಿಗ್ತವೆ, ಕಲರ್ ಪ್ರಿಂಟ್ ತೆಗ್ಸಿ ಬೆಂಚಿಗೊಂದು ಕೊಡಿ. ಹೆಂಗಸ್ರು ಮಗ್ಗದ ಮುಂದೆ ನಿಂತು ನೇಯ್ತಿರೋ, ಉಣ್ಣೆ ತೂಗ್ತಿರೋ ಪುಟ್ಟ ಎಣ್ಣೆ ಕುಡಿಕೆ ಒಂದಿದೆ ಅಲ್ಲಿ, ಅಮಾಸಿಸ್ ಪೇಂಟರ್ ಅಂತ ಕರೆಯೋ ಮಡಕೆ ಚಿತ್ರಗಾರಂದು. ನಾನಾದ್ರೆ ಅದನ್ನೇ ಮೊದ್ಲು ಕೊಡ್ತೀನಿ.